ಕಾಟನ್‌ವುಡ್ ಕೆಳಗೆ ಓದಿದ ಚರ್ಮ

ಡನ್‌ಮೋರ್, ಮೊಂಟಾನಾ
ನವೆಂಬರ್ 6, 1911

ಅಬ್ನರ್ ಕ್ರೇಲ್,

ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ.

ನೆಡ್ ಫಾಲಿ ಹೋದ ವಾರ ಇಲ್ಲಿ ತೀರಿಕೊಂಡ. ಅರ್ಧಚಂದ್ರ ರಾಂಚಿನಲ್ಲಿ ದನ ಕಾಯುವವರ ಅಡುಗೆ ಗಾಡಿ ಹೊಡೆಯುತ್ತಿದ್ದನಲ್ಲ, ಅವನೇ. ಕಡೆಗಾಲದಲ್ಲಿ ನನ್ನನ್ನು ಕರೆಸಿಕೊಂಡು ಹೇಳಿದ: "ಓರಿನ್, ನಿನ್ನ ತಮ್ಮನ್ನ ನೇಣಿಗೆ ಹಾಕಿದ ದಿನ ಆ ಹೋರಿ ಚರ್ಮ ಓದಿದ್ದು ಸ್ಟ್ರೇಕ್ ಅಲ್ಲ. ಅವನಿಗೆ ಓದಕ್ಕೆ ಬರ್ತಾನೇ ಇರ್ಲಿಲ್ಲ. ಯಾರನ್ನೋ ಕುದುರೆ ಮೇಲೆ ಕರ್ಕೊಂಡು ಹೋದ್ರು. ನಾನು ಗಾಡಿ ಹತ್ರ ಇದ್ದೆ, ಮುಖ ಕಾಣ್ಲಿಲ್ಲ." ಕಾಣದೆ ಇರುತ್ತದೆಯೇ ಅಂದೆ. ಗೋಡೆ ಕಡೆ ಹೊರಳಿದ. ಮತ್ತೆ ಈ ಕಡೆ ತಿರುಗಲಿಲ್ಲ.

ತಮ್ಮ ವೈಲಿಯನ್ನು ನೇಣಿಗೆ ಹಾಕಿಸಿದ ಆ ರಾಂಚಿನ ಮೇಸ್ತ್ರಿ ಗಿಡಿಯನ್ ಸ್ಟ್ರೇಕ್‌ನನ್ನು ಕೊಂದದ್ದಕ್ಕೆ ನಾನು ಹದಿನಾಲ್ಕು ವರ್ಷ ಜೈಲಿನಲ್ಲಿದ್ದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಕೆಲಸ ಅರ್ಧವೇ ಆಗಿತ್ತು ಅಂತ ಈಗ ಗೊತ್ತಾಯಿತು. ಆ ನದಿಯುದ್ದಕ್ಕೂ ದನದ ಚರ್ಮವನ್ನು ಒಳಮಗ್ಗುಲಿಂದ ನೋಡಿ ಯಾವ ಬರೆ ಮೊದಲು ಸುಟ್ಟದ್ದು, ಯಾವುದು ಆಮೇಲಿನದು ಅಂತ ಓದಬಲ್ಲವರು ಇಬ್ಬರೇ ಇದ್ದದ್ದು. ಒಬ್ಬ ನಾನು. ಅವತ್ತು ನಾನು ಹಲ್ಲು ಕೀಳಿಸಿಕೊಳ್ಳಲು ಎರಡು ದಿನದ ದಾರಿಯ ಊರಿಗೆ ಹೋಗಿ ಇನ್ನೂ ವಾಪಸಾಗಿರಲಿಲ್ಲ.

ಎರಡು ಪ್ರಶ್ನೆ. ಚರ್ಮ ಓದಿದವನು ಯಾರು? ಮರದ ಕೆಳಗೆ ವೈಲಿ ಕೊನೆಗೆ ಏನು ಹೇಳಿದ?

ಉತ್ತರ ಬರೆ. ಬರೆಯದೆ ಹೋದರೂ ಮೇ ತಿಂಗಳಲ್ಲಿ, ಕುರಿಗಳು ಮರಿಹಾಕಿ ಮುಗಿದ ಮೇಲೆ, ನಾನೇ ಬರುತ್ತೇನೆ. ಹಳೆಯ ಬಂದೂಕು ಇನ್ನೂ ನನ್ನ ಹತ್ತಿರವೇ ಇದೆ.

ಓರಿನ್ ಹ್ಯಾಸ್ಕೆಟ್

*

ಸೇಜ್ ಫೋರ್ಕ್, ವಯೋಮಿಂಗ್
ನವೆಂಬರ್ 27, 1911

ಓರಿನ್,

ನಿನ್ನ ಕಾಗದ ಬಂತು. ಅದರಲ್ಲಿ ಕುರಿ ಅಂತ ಒಂದು ಶಬ್ದ ಇತ್ತು. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡು ಕನ್ನಡಕ ಒರೆಸಿ ಮತ್ತೆ ಓದಿದೆ. ಕುರಿಯೇ. ಪೌಡರ್ ನದಿಯ ಎರಡೂ ದಂಡೆಯಲ್ಲಿ ಯಾರ ಹೆಸರು ಕೇಳಿದರೆ ರಾಂಚಿನವರು ದನ ಎಣಿಸಲು ಶುರುಮಾಡುತ್ತಿದ್ದರೋ ಅಂಥ ಓರಿನ್ ಹ್ಯಾಸ್ಕೆಟ್ ಈಗ ಕುರಿಯ ಹಿಂದೆ ನಡೆಯುತ್ತಿದ್ದಾನೆ. ನನ್ನನ್ನು ಕೊಲ್ಲಲು ಬರುವುದಾದರೆ ಬಾ ಮಾರಾಯ, ಆದರೆ ಊರೊಳಗೆ ಬರುವ ಮುಂಚೆ ಬಟ್ಟೆ ಒಗೆದುಕೊಂಡು ಬಾ. ಕುರಿಯ ವಾಸನೆಯವನ ಕೈಯಲ್ಲಿ ಸತ್ತೆ ಅಂತ ಆದರೆ ಕುರಿ ಕಂಡರಾಗದ ಈ ದನದವರ ಊರಲ್ಲಿ ನನ್ನ ಮಗಳಿಗೆ ತಲೆ ಎತ್ತಿ ತಿರುಗುವುದು ಕಷ್ಟ.

ನನ್ನ ಸಮಾಚಾರ ಕೇಳಲಿಲ್ಲ ನೀನು, ಆದರೂ ಹೇಳುತ್ತೇನೆ. ಕುದುರೆ ಜೀನು ಹೊಲಿಯುತ್ತೇನೆ, ಹಸಿ ಚರ್ಮ ಕೊಳ್ಳುತ್ತೇನೆ, ಚರ್ಚಿನಲ್ಲಿ ಎರಡನೇ ಬೆಂಚಿನ ಮನುಷ್ಯ. ದನಗಳ್ಳನಾಗಿದ್ದಾಗ ಕೈ ಕುಲುಕದವರೆಲ್ಲ ಈಗ ಎರಡೂ ಕೈಯಲ್ಲಿ ಕುಲುಕುತ್ತಾರೆ. ಊರಿಗೆ ಮೂರು ಮೋಟಾರು ಗಾಡಿ ಬಂದಿವೆ. ಮೋಟಾರಿಗೆ ಜೀನು ಬೇಡ. ಅಂದರೆ ನನ್ನ ಕಸುಬಿಗೂ ಆಯುಸ್ಸು ಹೆಚ್ಚಿಲ್ಲ, ನೀನು ಅಷ್ಟು ದೂರದಿಂದ ಬಂದು ಅವಸರ ಮಾಡಬೇಕಾಗಿಲ್ಲ.

ನಿನ್ನ ಕಾಗದ ಮಡಿಸಿಟ್ಟ ಮೇಲೆ ಎರಡು ದಿನ ನನಗೆ ಹಳೆಯದೇ ನೆನಪು. ಎಂಬತ್ತಮೂರನೇ ಇಸವಿಯ ವಸಂತ. ಹಿಮ ಕರಗಿ ಹಳ್ಳ ತುಂಬಿ, ಹುಲ್ಲು ಕುದುರೆಯ ಮೊಣಕಾಲಿಗೆ ಬಂದಿತ್ತು. ಬೇಲಿ ಅನ್ನುವುದು ಹುಟ್ಟೇ ಇರಲಿಲ್ಲ. ಅರ್ಧಚಂದ್ರ ರಾಂಚಿನ ಮಾಲೀಕರು ಸ್ಕಾಟ್ಲೆಂಡಿನಲ್ಲಿ ಕೂತಿದ್ದರು. ತಮ್ಮ ದನ ಎಷ್ಟಿವೆ ಅಂತ ಅವರಿಗೆ ಗೊತ್ತಿರಲಿಲ್ಲ. ಸ್ಟ್ರೇಕ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೆ.

ಬರೆ ಬೀಳದ ಕರು ಯಾರ ಸೊತ್ತೂ ಅಲ್ಲ, ಮೊದಲು ಬರೆ ಹಾಕಿದವನದ್ದು. ಅದು ಆ ಕಾಲದ ಕಟ್ಟಳೆ. ಬರೆ ಬಿದ್ದಿದ್ದನ್ನೂ ನಮ್ಮದು ಮಾಡಿಕೊಳ್ಳುವುದು ನಮ್ಮ ವಿದ್ಯೆ. ರಾಂಚಿನವರ ಗುರುತು ಅರ್ಧಚಂದ್ರ. ಅದರ ಇನ್ನೊಂದು ಅರ್ಧ ಸುಟ್ಟರೆ ಪೂರ್ಣಚಂದ್ರ, ಅದು ನನ್ನ ಗುರುತು. ಎರಡು ತುದಿ ಸೇರಿಸಿ ಒಂದು ಗೆರೆ ಎಳೆದರೆ ಬಿಲ್ಲು, ಅದು ನಿನ್ನದು. ನಿನಗೆ ಒಂದು ಗೆರೆ ಸಾಕಿತ್ತು, ನನಗೆ ಕೈ ತಿರುಗಿಸಿ ಅರ್ಧ ಸುತ್ತು ಬರಬೇಕಿತ್ತು. ಸೋಮಾರಿ ಗುರುತು ಅಂತ ನಿನ್ನನ್ನು ಎಷ್ಟು ಆಡಿಕೊಂಡಿದ್ದೆ.

ವೃತ್ತಪತ್ರಿಕೆ ನೆನಪಿದೆಯೇ ನಿನಗೆ? ಆ ಕೆಂಪು ಹಸು. ರಾಂಚಿನಿಂದ ನಾನು ಹೊಡೆದುಕೊಂಡು ಬಂದೆ. ನನ್ನ ಕಣಿವೆಯಿಂದ ನೀನು ಎಗರಿಸಿದೆ. ನಿನ್ನಿಂದ ನಾನು ಮತ್ತೆ ತಂದೆ. ಆ ಮೊದಲನೆಯದೂ ಸೇರಿ ಏಳು ಸಲ ಆ ಹಸು ಕೈ ಬದಲಾಯಿಸಿತು, ಪ್ರತಿ ಸಲವೂ ಒಂದು ಹೊಸ ಬರೆ. ಕೊನೆಗೆ ಮೈಮೇಲೆ ಜಾಗವೇ ಉಳಿಯಲಿಲ್ಲ. ವೈಲಿಯೇ ಅಲ್ಲವೇ ಅದಕ್ಕೆ ಹೆಸರಿಟ್ಟದ್ದು? "ಇದರ ಮೇಲೆ ಅಚ್ಚು ಹಾಕದ ಸುದ್ದಿಯೇ ಇಲ್ಲ, ವೃತ್ತಪತ್ರಿಕೆ ಅನ್ನಿ" ಅಂತ.

ನಾವು ವೈರಿಗಳು ಅಂತ ಊರು ಹೇಳುತ್ತಿತ್ತು. ಇದ್ದೆವು ಕೂಡ. ಆದರೆ ನೀನು ನನ್ನ ಕರು ಕದ್ದ ದಿನ ನಾನು ಬೈದಷ್ಟು ಹುರುಪಿನಿಂದ ಆಮೇಲೆ ಜೀವನದಲ್ಲಿ ಯಾರನ್ನೂ ಬೈದಿಲ್ಲ.

ಹಿಮ ಜೋರಾಗುತ್ತಿದೆ, ಅಂಚೆ ಗಾಡಿ ಹೊರಡುವ ಹೊತ್ತು. ನಿನ್ನ ಪ್ರಶ್ನೆಗಳಿಗೆ ಇನ್ನೊಮ್ಮೆ ಬರೆಯುತ್ತೇನೆ.

ಇಂತಿ, ಈ ತಾರೀಖಿನವರೆಗೆ ಜೀವಂತವಾಗಿರುವ
ಅಬ್ನರ್ ಕ್ರೇಲ್

*

ಡನ್‌ಮೋರ್
ಜನವರಿ 9, 1912

ಅಬ್ನರ್,

ನಾಲ್ಕು ಹಾಳೆ ಬರೆದಿದ್ದೀಯ. ನಾಲ್ಕರಲ್ಲೂ ಉತ್ತರ ಇಲ್ಲ. ಹಿಂದೆಯೂ ನೀನು ಹೀಗೇ. ಸ್ಟ್ರೇಕ್ ತಡೆದು ನಿಲ್ಲಿಸಿದರೆ ಅವನಿಗೆ ಹವಾಮಾನ ಹೇಳುತ್ತಾ ನಿಂತಿರುತ್ತಿದ್ದೆ, ಅಷ್ಟರಲ್ಲಿ ಕರುಗಳು ದಿಬ್ಬ ದಾಟಿರುತ್ತಿದ್ದವು. ನಾನು ಸ್ಟ್ರೇಕ್ ಅಲ್ಲ.

ಏಳು ಸಲ ಅಲ್ಲ, ಆರು. ಏಳನೇ ಸಲ ನೀನು ಬಂದಾಗ ಆ ಹಸು ನಿನ್ನ ಜೊತೆ ಬರಲು ಒಪ್ಪದೆ ನಿನ್ನನ್ನು ಹಳ್ಳಕ್ಕೆ ಕೆಡವಿತು. ನಾನೂ ವೈಲಿಯೂ ದಿಬ್ಬದ ಮೇಲೆ ಹೊಟ್ಟೆ ಮೇಲೆ ಮಲಗಿ ನೋಡುತ್ತಿದ್ದೆವು. ಅವನಿಗೆ ನಗು ತಡೆಯಲಾಗದೆ ಟೋಪಿ ಕಚ್ಚಿಕೊಂಡಿದ್ದ.

ಬಿಲ್ಲು ಸೋಮಾರಿ ಗುರುತಲ್ಲ. ಒಂದೇ ಗೆರೆ ಅಂದಮೇಲೆ ತಪ್ಪು ಮುಚ್ಚಲು ಜಾಗ ಇರುವುದಿಲ್ಲ. ನಾನು ಹಾಕಿದ ಗೆರೆಯನ್ನು ಯಾರೂ ಹಿಡಿಯಲಾರರು ಅಂತ ನೀನೇ ಒಮ್ಮೆ ಹೇಳಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ಹಿಡಿದೆ ಅಂತ ಆ ದಿನ ಸುಳ್ಳು ಹೇಳಿದವನು ಯಾರು?

ವೈಲಿ ಏನು ಹೇಳಿದ?

ಓರಿನ್ ಹ್ಯಾಸ್ಕೆಟ್

*

ಸೇಜ್ ಫೋರ್ಕ್
ಫೆಬ್ರವರಿ 11, 1912

ಓರಿನ್,

ಆರೇ ಇರಲಿ. ನನ್ನ ಎಣಿಕೆಯನ್ನು ತಿದ್ದಿದವರು ಈ ಊರಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಇಲ್ಲ. ಒಂದು ನಮೂನೆ ಹಿತವಾಯಿತು.

ಹಳ್ಳಕ್ಕೆ ಬಿದ್ದ ದಿನ ನೀವಿಬ್ಬರೂ ನೋಡುತ್ತಿದ್ದಿರಿ ಅಂತ ನನಗೆ ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಆದಮೇಲೆ ಗೊತ್ತಾಗಿ ಮುಖ ಕೆಂಪಾಯಿತು ನೋಡು. ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಲವಿನಿಯಾ ಒಳಗಿಂದ ಬಂದು "ಏನಪ್ಪಾ?" ಅಂದಳು. ಒಂದು ಹಸು ನೆನಪಾಯಿತಮ್ಮ ಅಂದೆ.

ವೈಲಿ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಬರೆ ಹಾಕುವ ಬೆಂಕಿ. ನೀನು ಗುರುತು ಸುಡುವ ಕಬ್ಬಿಣದ ಬಳೆಯನ್ನು ಎರಡು ಕೋಲಿನಲ್ಲಿ ಹಿಡಿದು ಕೆಂಡದಿಂದ ಎತ್ತುತ್ತಿದ್ದೆ. ಕರುವಿನ ಕಾಲು ಹಿಡಿಯುವುದು ವೈಲಿಯ ಕೆಲಸ. ಕರು ಅರಚಿದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷದ ಆಳು, ದನಗಳ್ಳನ ತಮ್ಮ, ಕಣ್ಣು ಮುಚ್ಚಿಕೊಳ್ಳುವುದು. ಪ್ರತಿ ವಸಂತದಲ್ಲೂ ಒಂದು ಕರುವಿನ ಕಾಲು ಬಿಟ್ಟುಬಿಡುತ್ತಿದ್ದ. ಅದು ಎದ್ದು ಓಡಿದರೆ ನೀನು ಬೈಯುವೆ, ಅವನು "ಇದೊಂದು ಹಾಗೇ ಹೋಗ್ಲಿ ಬಿಡಣ್ಣ" ಅನ್ನುವನು. ವರ್ಷಕ್ಕೆ ಒಂದು. ಯಾಕೋ ಅಂತ ಒಮ್ಮೆ ಕೇಳಿದೆ. "ಯಾರದ್ದೂ ಅಲ್ಲದ್ದು ಒಂದಾದ್ರೂ ಇರ್ಲಿ ಅಬ್ನರಣ್ಣ, ನೋಡಕ್ಕೆ ಚೆನ್ನಾಗಿರತ್ತೆ" ಅಂದ.

ಅವನು ನನ್ನನ್ನು ಅಣ್ಣ ಅನ್ನುತ್ತಿದ್ದ. ನೀನು ನನ್ನ ಕಣಿವೆ ಖಾಲಿ ಮಾಡಿಕೊಂಡು ಹೋದ ವಾರ ಕೂಡ. ಅವನಿಗೆ ನಮ್ಮ ಜಗಳ ಒಂದು ಆಟದ ಹಾಗೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಚರ್ಮ ಓದಿದವನು ಸ್ಟ್ರೇಕ್. ನೆಡ್ ಫಾಲಿಗೆ ಆ ಕಾಲದಲ್ಲೇ ವಿಸ್ಕಿ ಇಲ್ಲದೆ ಕಣ್ಣು ತೆರೆಯುತ್ತಿರಲಿಲ್ಲ. ಸಾಯುವವನು ಹೇಳಿದ ಅಂದಮಾತ್ರಕ್ಕೆ ನಿಜವಾಗುವುದಿಲ್ಲ. ಅವತ್ತು ಅಲ್ಲಿ ಇದ್ದ ನಾಲ್ಕೂ ಜನ, ಸ್ಟ್ರೇಕ್ ಮತ್ತು ಅವನ ಮೂವರು, ಸತ್ತಿದ್ದಾರೆ. ವೈಲಿ ಏನು ಹೇಳಿದ ಅಂತ ಈಗ ಯಾರನ್ನು ಕೇಳಬೇಕೋ ನನಗೆ ತಿಳಿಯದು.

ಮೇ ತಿಂಗಳಲ್ಲಿ ಇಲ್ಲಿ ಕೆಸರು ಜಾಸ್ತಿ. ಬರುವುದಾದರೆ ಜೂನ್ ಒಳ್ಳೆಯದು.

ಇಂತಿ, ಹಳ್ಳಕ್ಕೆ ಬಿದ್ದವನು,
ಅಬ್ನರ್

*

ಸೇಜ್ ಫೋರ್ಕ್
ಮಾರ್ಚ್ 3, 1912

ಹ್ಯಾಸ್ಕೆಟ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ಅಬ್ನರ್ ಕ್ರೇಲ್ ಅವರ ಮಗಳು ಲವಿನಿಯಾ. ನಿಮ್ಮ ಎರಡು ಕಾಗದಗಳನ್ನು ಅಪ್ಪನ ಕೋಟು ಒಗೆಯುವಾಗ ಓದಿದೆ. ತಪ್ಪು ಅಂತ ಗೊತ್ತು.

ಅಪ್ಪ ನಿಮಗೆ ಏನು ಬರೆದಿದ್ದಾರೋ ನಾನು ಕಾಣೆ. ತಮಾಷೆಯಾಗಿ ಬರೆದಿರುತ್ತಾರೆ. ಆದರೆ ನಿಮ್ಮ ಮೊದಲ ಕಾಗದ ಬಂದ ದಿನದಿಂದ ಅವರು ಹೊಲಿಯುವ ಮಣೆಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡಿದ್ದಾರೆ. ಬೆಳಕು ಬೆನ್ನ ಹಿಂದೆ ಬೀಳುತ್ತದೆ, ಹೊಲಿಗೆ ಕಾಣುವುದಿಲ್ಲ. ಯಾಕಪ್ಪಾ ಅಂದರೆ "ಈ ಕಡೆ ಗಾಳಿ ಚೆನ್ನಾಗಿದೆ" ಅನ್ನುತ್ತಾರೆ. ಫೆಬ್ರವರಿಯಲ್ಲಿ ಗಾಳಿ.

ಇನ್ನೊಂದು ವಿಷಯ. ಅವರ ಪೆಟ್ಟಿಗೆಯಲ್ಲಿ ಒಂದು ಹಳೆಯ ಹೋರಿಯ ಚರ್ಮ ಇದೆ. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಪ್ರತಿ ಅಕ್ಟೋಬರಿನಲ್ಲಿ ಒಂದು ದಿನ ಅಂಗಡಿ ಮುಚ್ಚಿ ಅದನ್ನು ಹೊರಗೆ ತೆಗೆಯುತ್ತಾರೆ. ಒಳಮಗ್ಗುಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಗೆ ಹಿಡಿದು, ಒಂದೇ ಜಾಗದಲ್ಲಿ ಬೆರಳಾಡಿಸುತ್ತಾ ನಿಂತಿರುತ್ತಾರೆ. ಅಮ್ಮ ಬದುಕಿದ್ದಾಗ ಆ ದಿನ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಈ ಚಳಿಗಾಲದಲ್ಲಿ ವಾರಕ್ಕೊಮ್ಮೆ ತೆಗೆಯುತ್ತಿದ್ದಾರೆ.

ನಿಮಗೆ ಅವರಿಂದ ಏನು ಅನ್ಯಾಯವಾಗಿದೆಯೋ ನನಗೆ ಗೊತ್ತಿಲ್ಲ. ಆಗಿಲ್ಲ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅವರ ಮುಖ ನಾನು ನೋಡುತ್ತಿದ್ದೇನೆ. ಅವರಿಗೆ ಅರವತ್ತೊಂದು ವರ್ಷ. ನೀವು ಬರುವುದಾದರೆ ಮೊದಲು ನನ್ನ ಹತ್ತಿರ ಮಾತಾಡಿ ಅಂತ ಕೇಳಿಕೊಳ್ಳುತ್ತೇನೆ.

ವಿಶ್ವಾಸದಿಂದ,
ಲವಿನಿಯಾ ಕ್ರೇಲ್

*

ಡನ್‌ಮೋರ್
ಮಾರ್ಚ್ 20, 1912

ಅಬ್ನರ್,

ನಿನ್ನ ಮಗಳ ಅಕ್ಷರ ದುಂಡಗಿದೆ. ಅವಳನ್ನು ಬೈಯಬೇಡ. ನಿನ್ನ ಹೊಟ್ಟೆಯಲ್ಲಿ ಹುಟ್ಟಿಯೂ ನೇರವಾಗಿ ಬರೆಯುತ್ತಾಳೆ.

ಚರ್ಮ ಕಳಿಸು.

ಓರಿನ್

*

ಸೇಜ್ ಫೋರ್ಕ್
ಏಪ್ರಿಲ್ 2, 1912

ಓರಿನ್,

ಈ ಕಾಗದದ ಜೊತೆ ರೈಲು ಪಾರ್ಸಲಿನಲ್ಲಿ ಚರ್ಮ ಬರುತ್ತದೆ. ಗೋಣಿಯಲ್ಲಿ ಸುತ್ತಿ ನಾನೇ ಹೊಲಿದಿದ್ದೇನೆ. ಅದು ನಿನ್ನ ಕೈಗೆ ಸಿಗುವ ಮುಂಚೆ ಇದನ್ನು ಓದು.

ಓದಿದವನು ನಾನು.

ಬರೆದು ನೋಡಿದರೆ ಎರಡೇ ಶಬ್ದ. ಇಪ್ಪತ್ತೈದು ವರ್ಷ ಇದಕ್ಕೆ ನಾಲ್ಕು ಹಾಳೆ ಬೇಕು ಅಂದುಕೊಂಡಿದ್ದೆ.

ಆ ಅಕ್ಟೋಬರಿನ ದಿನ ಬೆಳಗ್ಗೆ ವಿಲೋ ಹಳ್ಳದಲ್ಲಿ ನಾನು ಒಂದು ಕರುವಿಗೆ ಬರೆ ಹಾಕಿ ಆಗಷ್ಟೇ ಎದ್ದಿದ್ದೆ. ಸ್ಟ್ರೇಕ್ ಮೂವರ ಜೊತೆ ಬಂದ. ನನ್ನ ಜೀನಿನ ಚೀಲಕ್ಕೆ ಕೈ ಹಾಕಿದ. ಬಳೆ ಇನ್ನೂ ಬಿಸಿಯಾಗಿತ್ತು, ಅವನ ಬೆರಳು ಸುಟ್ಟಿತು. ಬೇರೆ ಸಾಕ್ಷಿ ಬೇಕಿರಲಿಲ್ಲ. ಹಗ್ಗ ನನ್ನ ಕುತ್ತಿಗೆಗೇ ಹಾಕಿದ್ದರು. ಆಗ ಅವನಂದ: "ಹ್ಯಾಸ್ಕೆಟ್ ಹುಡುಗನ ಹತ್ರ ಬಿಲ್ಲು ಗುರುತಿನ ಒಂದು ಹೋರಿ ಇದೆ. ಗುಂಡು ಹೊಡೆದು ಸುಲಿದಿದ್ದೀವಿ. ನನ್ನ ಜನಕ್ಕೆ ಓದಕ್ಕೆ ಬರಲ್ಲ. ನೀನು ಓದು. ಸರಿಯಾಗಿ ಓದಿದ್ರೆ ಈ ಹಗ್ಗ ಬಿಚ್ತೀನಿ."

ಆ ಕಾಟನ್‌ವುಡ್ ಮರದ ಕೆಳಗೆ ವೈಲಿ ಕೈ ಕಟ್ಟಿಸಿಕೊಂಡು ನಿಂತಿದ್ದ. ನನ್ನ ಕುತ್ತಿಗೆಯಲ್ಲಿ ಹಗ್ಗ ನೋಡಿ "ಅಯ್ಯೋ ಅಬ್ನರಣ್ಣ, ನೀನೂ ಸಿಕ್ಕಿಬಿದ್ಯಾ?" ಅಂದ. ನನಗೆ ಮರುಗಿದ, ಓರಿನ್. ಅವನು ನನಗೆ ಮರುಗಿದ.

ಚರ್ಮ ಹುಲ್ಲಿನ ಮೇಲೆ ಹಾಸಿತ್ತು, ಇನ್ನೂ ಹಬೆಯಾಡುತ್ತಿತ್ತು. ನಿನಗೆ ನಾನು ಪಾಠ ಹೇಳಬೇಕಿಲ್ಲ. ಕರುವಾಗಿದ್ದಾಗ ಬಿದ್ದ ಬರೆ ದನದ ಜೊತೆ ಬೆಳೆದು ಒಳಗಡೆ ಅಗಲವಾಗಿ ಬೆಳ್ಳಗೆ ಕಾಣುತ್ತದೆ. ಆಮೇಲೆ ಬಿದ್ದದ್ದು ಇಕ್ಕಟ್ಟಾಗಿ ಕಂದಾಗಿ ದಾರದ ಹಾಗೆ ಬೆರಳಿಗೆ ಸಿಗುತ್ತದೆ. ಅರ್ಧಚಂದ್ರ ಬೆಳ್ಳಗಿತ್ತು. ಗೆರೆ ದಾರದ ಹಾಗೆ ಸಿಕ್ಕಿತು. ಎಡತುದಿಯಲ್ಲಿ ಎರಡು ಸಲ ಒತ್ತಿದ ಹಾಗಿತ್ತು. "ಗೆರೆ ಆಮೇಲಿನದು" ಅಂದೆ. ಅಷ್ಟೇ ಅಂದದ್ದು.

ಜೀವ ಉಳಿಸಿಕೊಳ್ಳಲು ಅಂದೆ ಅಂತ ಹೇಳಿದರೆ ಅದು ಮುಕ್ಕಾಲು ನಿಜ. ಉಳಿದ ಕಾಲು ಭಾಗ ನಾನು ಯಾರಿಗೂ ಹೇಳಿಲ್ಲ. ಆ ಜೂನ್‌ನಲ್ಲಿ ನೀನು ನನ್ನ ಕಣಿವೆಯಿಂದ ಇಪ್ಪತ್ತೆರಡು ಕರು ಒಂದೇ ಸಲ ಹೊಡೆದುಕೊಂಡು ಹೋಗಿದ್ದೆ. ಊರೆಲ್ಲ ನಗುತ್ತಿತ್ತು. ಬೆರಳಿಗೆ ಆ ಗೆರೆ ಸಿಕ್ಕಿದಾಗ, ಸಿಕ್ಕಿಬಿದ್ದೆಯಲ್ಲೋ ಓರಿನ್ ಅಂತ ಒಳಗೆ ಖುಷಿಯಾಯಿತು. ಸೇಡು ತೀರಿತು ಅನ್ನಿಸಿತು. ಎದುರಿಗೆ ನಿಂತಿದ್ದವನು ನೀನಲ್ಲ ಅನ್ನುವುದು ಆ ಕ್ಷಣಕ್ಕೆ ಮರೆತೇಹೋಯಿತು. ನಿನ್ನ ಗುರುತು ಕಂಡೆ, ಹುಡುಗನನ್ನು ಕಾಣಲಿಲ್ಲ.

ವೈಲಿ ನನ್ನ ಮುಖ ನೋಡಿದ. ಕೋಪ ಇರಲಿಲ್ಲ. ಯಾವುದೋ ಸಣ್ಣ ತಪ್ಪು ತಿದ್ದುವವನ ಹಾಗೆ ಹೇಳಿದ: "ಇಲ್ಲ ಅಬ್ನರಣ್ಣ, ಸರಿಯಾಗಿ ನೋಡು. ಇದು ನಮ್ಮಣ್ಣ ನನಗೆ ಅಂತ ಕೊಂಡು ತಂದಿದ್ದು. ದಾರಿಹೋಕರ ಹತ್ರ ಕೊಂಡಿದ್ದು. ನಾಳೆ ಬರ್ತಾನೆ, ಅವನನ್ನೇ ಕೇಳಿ." ಸ್ಟ್ರೇಕ್‌ಗೂ ಅದನ್ನೇ ಹೇಳಿದ. ಕುತ್ತಿಗೆಗೆ ಹಗ್ಗ ಹಾಕಿ ಕುದುರೆಯ ಮೇಲೆ ಕೂರಿಸಿದಾಗಲೂ "ನಾಳೆವರೆಗೆ ತಡೀರಿ, ನಮ್ಮಣ್ಣ ಬರ್ತಾನೆ" ಅಂದ. ಅದೇ ಕೊನೆ ಮಾತು.

ನಾಳೆಯವರೆಗೆ ಯಾರೂ ತಡೆಯಲಿಲ್ಲ. ಹಗ್ಗ ಬಿಚ್ಚುವಾಗ ಸ್ಟ್ರೇಕ್ ಚರ್ಮವನ್ನು ನನ್ನ ಮೇಲೆ ಎಸೆದು "ಇಟ್ಕೋ, ಓದಿದ್ದಕ್ಕೆ ಬಹುಮಾನ" ಅಂದ.

ಅವತ್ತಿನಿಂದ ನಾನು ಒಂದು ಕರುವನ್ನೂ ಕದಿಯಲಿಲ್ಲ. ಆದರೆ ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ತಪ್ಪಿತು. ವೈಲಿಯ ಹಾಗೆ ಅಷ್ಟು ತಣ್ಣಗೆ, ಅಷ್ಟು ಖಚಿತವಾಗಿ ಹೇಳುವವನು ಸುಳ್ಳು ಹೇಳುತ್ತಾನೆಯೇ? ವರ್ಷಕ್ಕೊಮ್ಮೆ ತೆಗೆದು ನೋಡುತ್ತೇನೆ. ಒಣಗಿ ಗಡುಸಾಗಿದೆ. ಒಂದು ವರ್ಷ ಎರಡೂ ಬರೆ ಒಂದೇ ದಿನದ್ದು ಅನ್ನಿಸುತ್ತದೆ. ಇನ್ನೊಂದು ವರ್ಷ ಗೆರೆ ಬೇರೆ ಅನ್ನಿಸುತ್ತದೆ. ನಿನ್ನ ಹತ್ತಿರ ಪ್ರಾಮಾಣಿಕವಾಗಿ ಬಂದ ಒಂದು ಹೋರಿ ಇರಬಹುದು ಅಂತ ನನಗೆ ಆ ದಿನ ಹೊಳೆಯಲೇ ಇಲ್ಲ. ಕಳ್ಳನ ಬುದ್ಧಿಗೆ ಅದು ಹೊಳೆಯುವುದಿಲ್ಲ.

ನೀನೇ ಓದು. ನನಗಿಂತ ನಿನ್ನ ಬೆರಳು ಸೂಕ್ಷ್ಮ. ನಾನು ತಪ್ಪು ಓದಿದ್ದರೆ ಬಂದೂಕು ತೆಗೆದುಕೊಂಡು ಬಾ. ಮಣೆಯನ್ನು ಮತ್ತೆ ಕಿಟಕಿ ಕಡೆ ತಿರುಗಿಸಿದ್ದೇನೆ. ಬಾಗಿಲಿಗೆ ಈಗ ನನ್ನ ಬೆನ್ನು.

ಅಬ್ನರ್ ಕ್ರೇಲ್

*

ಡನ್‌ಮೋರ್
ಏಪ್ರಿಲ್ 28, 1912

ಅಬ್ನರ್,

ಪಾರ್ಸಲ್ ಬಂದು ಹನ್ನೊಂದು ದಿನ ಬಿಚ್ಚಲಿಲ್ಲ. ಕುರಿಗಳು ಮರಿ ಹಾಕುತ್ತಿದ್ದವು ಅಂತ ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಬಿಚ್ಚಿದೆ. ಒದ್ದೆ ಮಾಡಿ ಕಿಟಕಿಗೆ ಹಿಡಿದೆ. ನೀನು ಸರಿಯಾಗಿ ಓದಿದ್ದೀಯ. ಗೆರೆ ಆಮೇಲಿನದು. ಇದು ನನ್ನ ಊಹೆಯಲ್ಲ. ಹಾಕಿದವನು ನಾನು.

ಹೇಗೆ ಅಂತ ಬರೆಯುತ್ತೇನೆ. ಇದನ್ನು ನಾನೂ ಯಾರಿಗೂ ಹೇಳಿಲ್ಲ.

ವೈಲಿಗೆ ಹತ್ತೊಂಬತ್ತು ತುಂಬುವ ವಾರ. "ಅಣ್ಣ, ನನಗೊಂದು ಬೇಕು, ಆದ್ರೆ ಕದ್ದಿದ್ದು ಬೇಡ. ಒಂದಾದ್ರೂ ನಂದು ಅಂತ ಎದೆ ತಟ್ಟಿ ಹೇಳೋ ಹಾಗಿರ್ಬೇಕು" ಅಂದ. ಆಗಲಿ ಅಂದೆ. ದಾರಿಹೋಕರ ಗಾಡಿಗಳು ನದಿಯ ಹತ್ತಿರ ತಂಗಿದ್ದವು. ಕೊಂಡು ತರಲು ಹೊರಟಿದ್ದೂ ನಿಜ. ದಾರಿಯಲ್ಲಿ ಈ ಹೋರಿ ಒಂಟಿಯಾಗಿ ಮೇಯುತ್ತಿತ್ತು, ಅರ್ಧಚಂದ್ರದ್ದು, ಕಪ್ಪು ಮೂತಿ, ನೋಡಲು ಲಕ್ಷಣವಾಗಿತ್ತು. ಅಭ್ಯಾಸ ಅಬ್ನರ್. ಬೇರೆ ಏನೂ ಅಲ್ಲ. ಕೈ ತಾನೇ ಹಗ್ಗಕ್ಕೆ ಹೋಯಿತು. ಅವಸರದಲ್ಲಿ ಬಳೆ ಪೂರ್ತಿ ಕಾದಿರಲಿಲ್ಲ, ಎಡತುದಿ ಸರಿಯಾಗಿ ಕೂರಲಿಲ್ಲ. ಎರಡನೇ ಸಲ ಒತ್ತಿದೆ. ಗಾಯ ಮಾಯುವವರೆಗೆ ಕಣಿವೆಯಲ್ಲಿ ಬಚ್ಚಿಟ್ಟು, ಆಮೇಲೆ ತಂದು "ದಾರಿಹೋಕರದ್ದು, ತಗೋ" ಅಂತ ಕೊಟ್ಟೆ. ಅವನು ಅದರ ಕುತ್ತಿಗೆ ತಬ್ಬಿಕೊಂಡ.

ನನ್ನ ಗೆರೆಯನ್ನು ಯಾರೂ ಹಿಡಿಯಲಾರರು ಅಂತ ಇಷ್ಟು ವರ್ಷ ನಂಬಿದ್ದೆ. ಹಿಡಿಯಲಾರದ ಗೆರೆಯಾದ ಮೇಲೆ ಓದಿದವನು ಸುಳ್ಳೇ ಹೇಳಿರಬೇಕು. ಅಂದರೆ ತಮ್ಮನನ್ನು ಕೊಂದದ್ದು ಆ ಸುಳ್ಳು, ನನ್ನ ಬಳೆಯಲ್ಲ. ಈ ಒಂದು ಮಾತಿನ ಮೇಲೆ ಜೈಲಿನಲ್ಲಿ ನಿದ್ದೆ ಮಾಡಿದೆ. ನಿನ್ನನ್ನು ಕೊಂದು ಅದನ್ನು ಗಟ್ಟಿ ಮಾಡಿಕೊಳ್ಳಬೇಕು ಅಂತಿದ್ದೆ. ನಿನ್ನೆ ಆ ಗೆರೆ ಕುರುಡನಿಗೂ ಸಿಗುವ ಹಾಗೆ ಬೆರಳಿಗೆ ಸಿಕ್ಕಿತು.

ವೈಲಿ ಏನು ಹೇಳಿದ ಅಂತ ಅಷ್ಟು ಸಲ ಕೇಳಿದ್ದು ಯಾಕೆ ಗೊತ್ತೇ? ಕೊನೆಗಾದರೂ ಅವನಿಗೆ ಗೊತ್ತಾಗಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅಂತ. ಬೈಯಲಿಲ್ಲ. ನಾಳೆ ನಮ್ಮಣ್ಣ ಬರ್ತಾನೆ ಅಂದ.

ನಾನು ಮಾರನೇ ದಿನ ಮಧ್ಯಾಹ್ನ ಬಂದೆ. ಹಲ್ಲು ಕೀಳಿಸಿಕೊಂಡ ಕೆನ್ನೆ ಊದಿತ್ತು.

ನೀನು ತಪ್ಪು ಓದಿಲ್ಲ. ಇದನ್ನು ತಿಳಿಸಬೇಕಾಗಿತ್ತು, ತಿಳಿಸಿದ್ದೇನೆ. ಇನ್ನು ಚರ್ಮವನ್ನು ಅಕ್ಟೋಬರಿನಲ್ಲಿ ತೆಗೆಯುವುದು ಬೇಡ. ಅದು ನನ್ನ ಹತ್ತಿರ ಇರಲಿ.

ಓರಿನ್

*

ಸೇಜ್ ಫೋರ್ಕ್
ಮೇ 10, 1912

ಓರಿನ್,

ಮೂರು ದಿನ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಸರಿಯಾಗಿ ಓದಿದ್ದೇನೆ ಅಂತ ಗೊತ್ತಾದರೆ ಹಗುರಾಗುತ್ತೇನೆ ಅಂತ ಇಪ್ಪತ್ತೈದು ವರ್ಷ ಕಾದಿದ್ದೆ. ಆಗಲಿಲ್ಲ. ಸರಿಯಾಗಿ ಓದಿದವನು ಬಾಯಿ ಮುಚ್ಚಿಕೊಂಡೂ ಇರಬಹುದಿತ್ತು. ಗೊತ್ತಾಗ್ತಿಲ್ಲ ಸ್ಟ್ರೇಕ್, ರಕ್ತ ಜಾಸ್ತಿ ಇದೆ, ನಾಳೆ ಒಣಗಲಿ, ನೋಡೋಣ ಅಂದಿದ್ದರೆ ನೀನು ಬಂದಿರುತ್ತಿದ್ದೆ. ಹವಾಮಾನ ಹೇಳುತ್ತಾ ಎಷ್ಟು ಸಲ ಅವನನ್ನು ನಿಲ್ಲಿಸಿದ್ದೆ. ಬೇಕಾದ ಒಂದು ದಿನ ಎರಡೇ ಮಾತಿನಲ್ಲಿ ಮುಗಿಸಿದೆ.

ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಅಳೆಯಲು ಕೂತೆ. ನನಗೆ ಬರುವ ವಿದ್ಯೆ ಅದೊಂದೇ ತಾನೆ. ಆಗಲಿಲ್ಲ, ಬಿಟ್ಟೆ.

ಮೊನ್ನೆ ಭಾನುವಾರ ಲವಿನಿಯಾಳನ್ನು ಕರೆದುಕೊಂಡು ಆ ಮರದ ಹತ್ತಿರ ಹೋಗಿದ್ದೆ. ಅವಳಿಗೆ ಎಲ್ಲ ಹೇಳಿದೆ. ವಾಪಸು ಬರುವಾಗ ಕುದುರೆಯ ಲಗಾಮು ನನ್ನ ಕೈಯಿಂದ ತೆಗೆದುಕೊಂಡಳು. ಮರ ಸಿಡಿಲಿಗೆ ಸಿಕ್ಕಿ ಅರ್ಧ ಒಣಗಿದೆ, ಇನ್ನರ್ಧ ಚಿಗುರಿದೆ. ಅರ್ಧಚಂದ್ರ ರಾಂಚು ಹರಿದು ಹಂಚಿಹೋಗಿ ಎಲ್ಲ ಕಡೆ ಮುಳ್ಳುತಂತಿ. ವೈಲಿಯನ್ನು ಹೂತ ದಿಬ್ಬದ ಸುತ್ತ ಮಾತ್ರ ಬೇಲಿ ಇಲ್ಲ, ಕಲ್ಲು ಹೆಚ್ಚು ಅಂತ ಯಾರೂ ಕೊಳ್ಳಲಿಲ್ಲ. ನೀನು ನೆಟ್ಟ ಹಲಗೆ ಕೊಳೆತು ಮಲಗಿದೆ. ಹೆಸರು ಅಳಿಸಿದೆ.

ಸಮಾಧಿಗೆ ಒಂದು ಕಲ್ಲು ಮಾಡಿಸುತ್ತಿದ್ದೇನೆ. ಬೇಡ ಅನ್ನಬೇಡ. ಕೆತ್ತುವವನು ಒಂದು ವಿಷಯಕ್ಕೆ ಕಾದು ಕೂತಿದ್ದಾನೆ. ಈ ಕಡೆ ದನದವರ ಕಲ್ಲಿನ ಮೇಲೆ ಅವರವರ ಗುರುತು ಕೆತ್ತುತ್ತಾರಲ್ಲ. "ಇವರದ್ದು ಯಾವ ಗುರುತು ಸ್ವಾಮಿ?" ಅಂತ ಕೇಳಿದ. ವೈಲಿಗೆ ಅವನದು ಅಂತ ಗುರುತೇ ಇರಲಿಲ್ಲ. ಅರ್ಧಚಂದ್ರ ಕೆತ್ತಿಸುವ ಹಾಗಿಲ್ಲ. ಬಿಲ್ಲು ಕೆತ್ತಿಸೋಣವೇ? ನೀನು ಅಣ್ಣ, ನೀನು ಹೇಳಿದ ಹಾಗೆ.

ಕೆಸರು ಒಣಗಿದೆ. ಜೂನ್‌ವರೆಗೆ ಕಾಯಬೇಕಾಗಿಲ್ಲ.

ಅಬ್ನರ್

*

ಡನ್‌ಮೋರ್
ಮೇ 19, 1912

ಅಬ್ನರ್,

ಗುರುವಾರದ ರೈಲಿಗೆ ಬರುತ್ತೇನೆ. ಬಟ್ಟೆ ಒಗೆದುಕೊಂಡಿದ್ದೇನೆ. ಬಂದೂಕನ್ನು ಇಲ್ಲಿನ ಕುರುಬನಿಗೆ ಬಿಟ್ಟು ಬರುತ್ತಿದ್ದೇನೆ, ಈ ವರ್ಷ ತೋಳದ ಕಾಟ ಜಾಸ್ತಿ. ಚರ್ಮ ತರುತ್ತೇನೆ. ಕಲ್ಲು ನಿಲ್ಲಿಸುವ ಗುಂಡಿಯನ್ನು ಸ್ವಲ್ಪ ಆಳವಾಗಿ ತೋಡಿಸು, ಚರ್ಮವನ್ನು ಕಲ್ಲಿನ ಕೆಳಗೆ ಹಾಕಿಬಿಡೋಣ.

ಕಲ್ಲಿನ ಮೇಲೆ ಹೆಸರು ಇರಲಿ. ಇಸವಿ ಇರಲಿ. ಗುರುತು ಯಾವುದೂ ಬೇಡ. ರಾಂಚಿನದೂ ಬೇಡ, ನನ್ನದೂ ಬೇಡ. ಬೋಳಾಗಿ ಕಾಣುತ್ತದೆ ಅಂತ ಕೆತ್ತುವವನು ತಕರಾರು ಮಾಡಿದರೆ, ಹುಡುಗ ಹೇಳುತ್ತಿದ್ದದ್ದನ್ನೇ ಅವನಿಗೆ ಹೇಳು. ಇದೊಂದು ಹಾಗೇ ಹೋಗಲಿ.

ಓರಿನ್